ಅಪ್ಪನ ಹೆಸರಿನ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅಪ್ಪನಿಗೆ ಜ್ವರ ಬಂತು. ಪ್ರಾಯ 66. ಆ ವಾರವೆಲ್ಲ ತೋಟದ ಕಣಿ (ನೀರು ಹರಿಯುವ ಚರಂಡಿ) ಬಿಡಿಸುವ ಕೆಲಸದಲ್ಲಿದ್ದರು. ಮೂರು ದಿನ ಕಷಾಯ, ಜ್ವರದ ಮಾತ್ರೆ ಎಂದು ಕಳೆಯಿತು. ನಾಲ್ಕನೆಯ ದಿನ ಕಣ್ಣು ಹಳದಿಯಾಯಿತು, ಮೂತ್ರ ಹೋಗುವುದು ನಿಂತಿತು. ಮಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಇಲಿಜ್ವರ ಎಂದರು. ಅದೇ ರಾತ್ರಿ ವೆಂಟಿಲೇಟರ್ ಹಾಕಿದರು. ಮರುದಿನ ಚಿಕ್ಕ ಪ್ರಾಯದ ಡಾಕ್ಟರೊಬ್ಬರು ಒಂದು ಕಾಗದ ತಂದರು. ಎರಡು ಬಗೆಯ ಡ್ರಿಪ್‌ನಲ್ಲಿ ಯಾವುದು ಒಳ್ಳೆಯದು ಎಂದು ಅಧ್ಯಯನ ನಡೆಯುತ್ತಿದೆ, ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ, ಅಪ್ಪನನ್ನು ಸೇರಿಸಬಹುದೇ ಎಂದು ಕೇಳಿದರು. ವಿಳಾಸ ಕೇರಳದ್ದೆಂದು ಮಲಯಾಳಂ ಕಾಗದ ಕೊಟ್ಟಿದ್ದರು. ನನಗೆ ಮಲಯಾಳಂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾನು ಸಹಿ ಹಾಕಲಿಲ್ಲ. ಹನ್ನೊಂದನೆಯ ದಿನ ಅಪ್ಪ ಹೋದರು. ಸಹಿ ಹಾಕಿದ್ದರೆ ಒಳ್ಳೆಯ ಮದ್ದು ಸಿಗುತ್ತಿತ್ತು ಎಂದು ತಮ್ಮ ಹೇಳುತ್ತಾನೆ. ಹಾಕದೆ ಇದ್ದದ್ದೇ ಒಳ್ಳೆದಾಯ್ತು, ನಮ್ಮವರ ಮೇಲೆ ಪ್ರಯೋಗ ಮಾಡುತ್ತಾರೆ ಎಂದು ದೊಡ್ಡಪ್ಪ ಹೇಳುತ್ತಾರೆ. ನಾನು ತಪ್ಪು ಮಾಡಿದೆನೇ? ಬಾಯಿ ಬಿಡಲಾರದ ರೋಗಿಯ ಮೇಲೆ ಇಂಥದ್ದನ್ನೆಲ್ಲ ಮಾಡುವುದು ಸರಿಯೇ?

ಉತ್ತರ:

ಟೀಚರ್,

ಮೊದಲು ನಿಮಗೆ ಬೇಕಾದ ಉತ್ತರ. ನೀವು ಸಹಿ ಹಾಕದ್ದರಿಂದ ಅಪ್ಪ ಹೋದದ್ದಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಇದಕ್ಕೆ ಲೆಕ್ಕ ಇದೆ. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಐಸಿಯುಗೆ ಬಂದಾಗಿನಿಂದ ನಿಮ್ಮ ಅಪ್ಪನಿಗೆ ಹೇಗೂ ಡ್ರಿಪ್ ಹೋಗುತ್ತಲೇ ಇತ್ತು. ನಮ್ಮ ಕಡೆ ಯಾವ ಡ್ರಿಪ್ ಹಾಕಿದರೂ ಗ್ಲೂಕೋಸ್ ಹಾಕಿದರು ಅಂತಲೇ ಹೇಳುತ್ತಾರೆ. ಆದರೆ ಬಿಪಿ ಕುಸಿದವರಿಗೆ ಹಾಕುವುದು ಹೆಚ್ಚಾಗಿ ಎರಡರಲ್ಲಿ ಒಂದು. ಒಂದು ನಾರ್ಮಲ್ ಸಲೈನ್. 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಷ್ಟೆ. ಇನ್ನೊಂದು ರಿಂಗರ್ ಲ್ಯಾಕ್ಟೇಟ್ ಥರದ್ದು. ಅದರಲ್ಲಿ ಉಪ್ಪಿನ ಜೊತೆ ಬೇರೆ ಲವಣಗಳೂ ಇವೆ, ಅದು ರಕ್ತದ ಹದಕ್ಕೆ ಸ್ವಲ್ಪ ಹತ್ತಿರ. ಹೆಸರು ನಾರ್ಮಲ್ ಎಂದಿದ್ದರೂ ಸಲೈನ್‌ನಲ್ಲಿ ಕ್ಲೋರೈಡ್ ಜಾಸ್ತಿ. ಲೀಟರಿಗೆ 154 ಮಿಲಿಮೋಲ್. ನಮ್ಮ ರಕ್ತದಲ್ಲಿ ಇರುವುದು 100ರ ಆಸುಪಾಸು. ಬಾಟಲಿ ಮೇಲೆ ಬಾಟಲಿ ಹಾಕಿದರೆ ಕಿಡ್ನಿಗೆ ತೊಂದರೆ ಆಗಬಹುದೇ ಎಂಬ ಅನುಮಾನ ನಮ್ಮಂಥ ಐಸಿಯು ಡಾಕ್ಟರುಗಳಿಗೆ ತುಂಬಾ ವರ್ಷಗಳಿಂದ ಇತ್ತು.

ಅನುಮಾನ ಇದ್ದಲ್ಲಿ ಎಣಿಸಿ ನೋಡಬೇಕು. ನೋಡಿದರು. 2018ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ಆಸ್ಪತ್ರೆ 15,802 ರೋಗಿಗಳ ಫಲಿತಾಂಶ ಪ್ರಕಟಿಸಿತು. ಸಾವು, ಡಯಾಲಿಸಿಸ್, ವಾಸಿಯಾಗದೆ ಉಳಿದ ಕಿಡ್ನಿ ತೊಂದರೆ, ಈ ಮೂರನ್ನೂ ಒಟ್ಟು ಸೇರಿಸಿದರೆ ಸಲೈನ್ ಪಡೆದವರಲ್ಲಿ ಶೇ. 15.4, ಇನ್ನೊಂದು ಪಡೆದವರಲ್ಲಿ ಶೇ. 14.3. ಸಲೈನ್ ಸೋತಿತು ಎಂದು ಅನೇಕರು ಅಂದುಕೊಂಡರು. 2021ರಲ್ಲಿ ಬ್ರೆಜಿಲ್‌ನವರು ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ನೋಡಿದರು. 90 ದಿನಗಳೊಳಗೆ ತೀರಿಕೊಂಡವರು ಒಂದು ಗುಂಪಿನಲ್ಲಿ ಶೇ. 26.4, ಇನ್ನೊಂದರಲ್ಲಿ ಶೇ. 27.2. ಮರುವರ್ಷ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ನ 5,037 ರೋಗಿಗಳ ಲೆಕ್ಕ ಬಂತು. ಶೇ. 21.8 ಮತ್ತು ಶೇ. 22.0. ವ್ಯತ್ಯಾಸ ಇದೆ ಎಂದು ಧೈರ್ಯವಾಗಿ ಹೇಳುವಷ್ಟು ಅಂತರ ಈ ಎರಡರಲ್ಲೂ ಸಿಗಲಿಲ್ಲ.

ಇದರ ಅರ್ಥ ಏನು ಹೇಳಿ? ಎರಡು ಬಾಟಲಿಗಳ ನಡುವೆ ವ್ಯತ್ಯಾಸ ಇದ್ದರೂ ಅದು ತೀರಾ ಸಣ್ಣದು. ಸಾವಿರಾರು ಜನರ ಲೆಕ್ಕ ಇಟ್ಟರೂ ಕೈಗೆ ಸಿಗುವುದು ಕಷ್ಟ. ಒಬ್ಬ ಮನುಷ್ಯ, ಅದೂ ಕಿಡ್ನಿ ಮತ್ತು ಲಿವರ್ ಎರಡೂ ಕೈಕೊಟ್ಟು ಬಂದವರು, ಬಾಟಲಿ ಬದಲಾದ ಮಾತ್ರಕ್ಕೆ ಉಳಿಯುತ್ತಿದ್ದರು ಎಂದು ಹೇಳಲು ಯಾವ ಆಧಾರವೂ ಇಲ್ಲ. ಇನ್ನೂ ಒಂದು ಮಾತು. ನೀವು ಸಹಿ ಹಾಕಿದ್ದರೂ ಚೀಟಿಯಲ್ಲಿ ಬರುವುದು ಎರಡರಲ್ಲಿ ಒಂದು. ಅವರಿಗೆ ಆಗಲೇ ಹೋಗುತ್ತಿದ್ದ ಬಾಟಲಿಯೇ ಬರಬಹುದಿತ್ತು. ಇದನ್ನು ನಿಮ್ಮ ತಮ್ಮನಿಗೂ ಓದಿ ಹೇಳಿ. ಒಳ್ಳೆಯ ಮದ್ದನ್ನು ಒಳಗೆ ಇಟ್ಟುಕೊಂಡು, ಸಹಿ ಹಾಕಿದವರಿಗೆ ಮಾತ್ರ ಕೊಡುವ ಏರ್ಪಾಡಲ್ಲ ಅದು. ಯಾವುದು ಒಳ್ಳೆಯದು ಎಂದು ಗೊತ್ತಿದ್ದರೆ ಚೀಟಿ ಎತ್ತುವುದೇ ತಪ್ಪು. ಗೊತ್ತಿಲ್ಲ ಎಂದಾದಾಗ ಮಾತ್ರ ಅಧ್ಯಯನಕ್ಕೆ ಅನುಮತಿ ಸಿಗುತ್ತದೆ. ಒಂದೇ ಬಗೆಯ ಚಿಕಿತ್ಸೆ ಸಿಕ್ಕಿದ್ದರೆ, ಅಧ್ಯಯನದ ಒಳಗೆ ಇದ್ದವರ ಮತ್ತು ಹೊರಗೆ ಇದ್ದವರ ಫಲಿತಾಂಶ ಹೆಚ್ಚು ಕಡಿಮೆ ಒಂದೇ ಎಂಬುದನ್ನೂ ಬೇರೆಯಾಗಿ ಹೋಲಿಸಿ ನೋಡಿದ್ದಾರೆ.

ಇನ್ನು ನಿಮ್ಮ ದೊಡ್ಡಪ್ಪನ ಮಾತು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ನಾನೂ ನಿಮ್ಮ ಜಿಲ್ಲೆಯವನೇ, ಮುಳ್ಳೇರಿಯದ ಕಡೆಯವನು. ಚಿಕ್ಕವನಿದ್ದಾಗ ಗೇರು ಗುಡ್ಡೆಯ ಮೇಲೆ ಹೆಲಿಕಾಪ್ಟರ್ ಬರುತ್ತಿತ್ತು. ನಾವು ಮಕ್ಕಳು ಅಂಗಳಕ್ಕೆ ಓಡಿ ಬಂದು ಕೈಬೀಸುತ್ತಿದ್ದೆವು. ಅದು ಬಿಡುತ್ತಿದ್ದದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೀಗೆ ನಡೆಯಿತು. 2000ದ ಕೊನೆಯ ಹೊತ್ತಿಗಷ್ಟೇ ನಿಂತದ್ದು. ನಿಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಅದರ ನೋವು ಯಾವ ಮನೆಗೆ ಗೊತ್ತಿಲ್ಲ? ಆಗ ನಮ್ಮನ್ನು ಯಾರೂ ಕೇಳಲಿಲ್ಲ. ಬಾವಿ ಮುಚ್ಚಿ ಎಂದು ಹೇಳಿದ್ದೇ ದೊಡ್ಡ ಮಾತು. ಎಷ್ಟು ಮಕ್ಕಳು ಹೇಗೆ ಹುಟ್ಟಿದರು ಎಂದು ಆ ವರ್ಷಗಳಲ್ಲಿ ಯಾರೂ ಲೆಕ್ಕ ಇಡಲಿಲ್ಲ. ಲೆಕ್ಕ ಶುರು ಮಾಡಿದ್ದು ನಮ್ಮ ಊರಿನವರೇ, ಎಷ್ಟೋ ತಡವಾಗಿ. ಇಂಥ ಊರಿನ ಹಿರಿಯರೊಬ್ಬರು "ನಮ್ಮ ಮೇಲೆ ಪ್ರಯೋಗ" ಎಂದರೆ ಅದಕ್ಕೆ ಕಾರಣ ಇದೆ.

ಆದರೆ ದೊಡ್ಡಪ್ಪ ಒಂದು ವಿಷಯ ಯೋಚಿಸಬೇಕು. ಆವತ್ತು ನಡೆದದ್ದು ಕೇಳದೆ, ಎಣಿಸದೆ ಮಾಡಿದ ಕೆಲಸ. ನಿಮ್ಮ ಮುಂದೆ ಬಂದದ್ದು ಕೇಳಿಕೊಂಡು ಬಂದ ಕಾಗದ. ಬೇಡ ಎಂದು ನೀವು ಹೇಳಿದಿರಿ, ಅಲ್ಲಿಗೆ ಅದು ಮುಗಿಯಿತು. ಕೇಳಿದ ರೀತಿಯಲ್ಲಿ ಕೊರತೆ ಇತ್ತು, ಅದಕ್ಕೆ ಕೊನೆಗೆ ಬರುತ್ತೇನೆ. ನನಗೆ ಹೆಚ್ಚು ಭಯ ಇರುವುದು ಕೇಳದೆ, ಎಣಿಸದೆ, ಎಲ್ಲರೂ ಮಾಡುತ್ತಾರೆ ಎಂದು ನಾವು ಮಾಡುವ ಚಿಕಿತ್ಸೆಯ ಮೇಲೆ. ಐಸಿಯುನಲ್ಲಿ ಅಂಥದ್ದು ಎಷ್ಟೋ ಇತ್ತು. ಈಗಲೂ ಇದೆ.

ತಲೆಗೆ ಪೆಟ್ಟು ಬಿದ್ದವರ ಕಥೆ ಕೇಳಿ. ಮಿದುಳಿನ ಊತ ಇಳಿಯಲಿ ಎಂದು ಅಂಥವರಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದು 30 ವರ್ಷಗಳಷ್ಟು ಕಾಲ ನಡೆಯಿತು. ಊತಕ್ಕೆ ಸ್ಟೀರಾಯ್ಡ್ ಆಗುತ್ತದೆ, ಹಾಗಾಗಿ ಇಲ್ಲೂ ಆಗಬೇಕು ಎಂಬುದು ಆಗಿನ ತರ್ಕ. ಕೊನೆಗೆ 10,008 ರೋಗಿಗಳಲ್ಲಿ ಚೀಟಿ ಎತ್ತಿ ನೋಡಿದರು. 2004ರಲ್ಲಿ ಫಲಿತಾಂಶ ಬಂತು. ಎರಡು ವಾರದೊಳಗೆ ತೀರಿಕೊಂಡವರು ಸ್ಟೀರಾಯ್ಡ್ ಪಡೆದವರಲ್ಲಿ ಶೇ. 21.1, ಪಡೆಯದವರಲ್ಲಿ ಶೇ. 17.9. ನೂರಕ್ಕೆ ಮೂವರು ಹೆಚ್ಚು. ಹಿಂದಿನ ಮೂವತ್ತು ವರ್ಷಗಳಲ್ಲಿ ಯಾವ ಡಾಕ್ಟರಿಗೂ ಇದು ಕಣ್ಣಿಗೆ ಬೀಳಲಿಲ್ಲ. ಬೀಳುವುದು ಸಾಧ್ಯವೂ ಇರಲಿಲ್ಲ. ತಲೆಗೆ ಅಂಥ ದೊಡ್ಡ ಪೆಟ್ಟು ಬಿದ್ದವರಲ್ಲಿ ಹೇಗೂ ಐದಾರು ಜನರಲ್ಲಿ ಒಬ್ಬರು ಹೋಗುತ್ತಾರೆ. ಹೋದವರು ಪೆಟ್ಟಿನಿಂದ ಹೋದರೋ ಮದ್ದಿನಿಂದ ಹೋದರೋ ಎಂದು ಹಾಸಿಗೆಯ ಬದಿಯಲ್ಲಿ ನಿಂತವನಿಗೆ ತಿಳಿಯುವುದಿಲ್ಲ.

ಸಕ್ಕರೆಯ ಕಥೆಗೆ ನಾನೇ ಸಾಕ್ಷಿ. 2001ರಲ್ಲಿ ಬೆಲ್ಜಿಯಂನ ಲೂವೆನ್‌ನಿಂದ ಒಂದು ಅಧ್ಯಯನ ಬಂತು. ಆಪರೇಷನ್ ಆಗಿ ಐಸಿಯುಗೆ ಬಂದ 1,548 ಜನರಲ್ಲಿ ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆಯನ್ನು 80ರಿಂದ 110ರೊಳಗೆ ಬಿಗಿಯಾಗಿ ಇಟ್ಟಾಗ ಐಸಿಯು ಸಾವು ಶೇ. 8ರಿಂದ ಶೇ. 4.6ಕ್ಕೆ ಇಳಿದಿತ್ತು. ಲೋಕದ ಎಷ್ಟೋ ಐಸಿಯುಗಳು ಇದನ್ನೇ ಹಿಡಿದವು. ನಾನು ಟ್ರೇನಿಂಗ್‌ನಲ್ಲಿದ್ದ ವರ್ಷಗಳವು. ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದೆವು. 130 ಇದ್ದರೆ ಸೀನಿಯರ್ ಡಾಕ್ಟರಿಂದ ಬೈಗುಳ. 2009ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್, ಕೆನಡಾದವರು ಸೇರಿ ನಡೆಸಿದ 6,104 ರೋಗಿಗಳ ಅಧ್ಯಯನ ಹೊರಬಂತು. ಬಿಗಿಯಾಗಿ ಇಟ್ಟವರಲ್ಲಿ ಸಾವು ಶೇ. 27.5. 180ರವರೆಗೆ ಬಿಟ್ಟವರಲ್ಲಿ ಶೇ. 24.9. ಬಿಗಿ ಮಾಡಲು ಹೋಗಿ ಸಕ್ಕರೆ ಅಪಾಯಕ್ಕೆ ಇಳಿಯುವುದೂ ಜಾಸ್ತಿಯಾಗಿತ್ತು. ಆ ದಿನ ನಾನು ಅದನ್ನು ಓದಿ ತುಂಬಾ ಹೊತ್ತು ಸುಮ್ಮನೆ ಕುಳಿತಿದ್ದೆ. ನಾನು ಶ್ರದ್ಧೆಯಿಂದ ಮಾಡಿದ ಕೆಲಸ ಅದು. ಯಾರ ಮನೆಯವರ ಹತ್ತಿರವೂ ನಾವು ಅದಕ್ಕೆ ಸಹಿ ಕೇಳಿರಲಿಲ್ಲ. ಅದು ಪ್ರಯೋಗ ಅಲ್ಲ, ಚಿಕಿತ್ಸೆ ಎಂದು ನಂಬಿದ್ದೆವು.

ನೋಡಿ ಟೀಚರ್, ಈಗ ಐಸಿಯುನಲ್ಲಿ ಸಕ್ಕರೆ 160 ಇದೆ ಎಂದು ಮನೆಯವರು ಗಾಬರಿಯಾದರೆ ನಾನು ಧೈರ್ಯವಾಗಿ ಪರವಾಗಿಲ್ಲ ಎನ್ನುತ್ತೇನೆ. ಆ ಧೈರ್ಯ ಕೊಟ್ಟದ್ದು ಎಲ್ಲಿಯೋ ಸಹಿ ಹಾಕಿದ ಆ ಆರು ಸಾವಿರ ಮನೆಗಳವರು.

ವೆಂಟಿಲೇಟರ್ ಕೂಡ ಹೀಗೆಯೇ. ಒಂದು ಉಸಿರಿಗೆ ಎಷ್ಟು ಗಾಳಿ ಒತ್ತಬೇಕು ಎಂಬುದನ್ನು 861 ರೋಗಿಗಳಲ್ಲಿ ನೋಡಿದರು. ಕಡಿಮೆ ಗಾಳಿ ಕೊಟ್ಟವರಲ್ಲಿ ಸಾವು ಶೇ. 31, ಜಾಸ್ತಿ ಕೊಟ್ಟವರಲ್ಲಿ ಶೇ. 39.8. 2000ದಲ್ಲಿ ಬಂದ ಈ ಅಧ್ಯಯನವನ್ನು, ಇಷ್ಟು ಸ್ಪಷ್ಟವಾದ ಮೇಲೆ ಮುಂದುವರಿಸುವುದು ಸರಿಯಲ್ಲ ಎಂದು ಮಧ್ಯದಲ್ಲೇ ನಿಲ್ಲಿಸಿದರು. ನಿಮ್ಮ ಅಪ್ಪನ ವೆಂಟಿಲೇಟರಿನ ಅಂಕಿಗಳೂ ಈ ಲೆಕ್ಕದಿಂದಲೇ ಬಂದಿರುತ್ತವೆ.

ಹಾಗಾದರೆ ಚೀಟಿ ಯಾಕೆ, ಡಾಕ್ಟರೇ ಯೋಚಿಸಿ ಕೊಡಬಾರದೇ ಎಂದು ಅನಿಸಬಹುದು. ಇದು ನಿಮ್ಮ ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತಿತ್ತು. ಅಡಿಕೆಯ ಕೊಳೆರೋಗಕ್ಕೆ ಹೊಸ ಮದ್ದು ಬಂತು ಎಂದುಕೊಳ್ಳಿ. ಬಿಸಿಲು ಬೀಳುವ ಬದಿಯ ಅಡಿಕೆ ಮರಗಳಿಗೆ ಹೊಸ ಮದ್ದು ಬಿಟ್ಟು, ತೋಡಿನ ಬದಿಯ ಮರಗಳಿಗೆ ಹಳೆಯ ಮದ್ದಾದ ಬೋರ್ಡೋ ದ್ರಾವಣ ಬಿಟ್ಟರೆ ಹೊಸ ಮದ್ದೇ ಗೆದ್ದ ಹಾಗೆ ಕಾಣುತ್ತದೆ. ಗೆದ್ದದ್ದು ಬಿಸಿಲು. ಅದಕ್ಕೇ ಯಾವ ಸಾಲಿಗೆ ಯಾವ ಮದ್ದು ಎಂದು ಚೀಟಿ ಎತ್ತಬೇಕು. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇರುವ ಜಾಗದಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿದೆ. ವಿಟ್ಲದ ಕೇಂದ್ರದಲ್ಲಿ ಅಡಿಕೆಯದ್ದು. ಸಸಿ, ಗೊಬ್ಬರ, ಮದ್ದು ಯಾವುದನ್ನು ಹೋಲಿಸುವಾಗಲೂ ಅಲ್ಲಿ ಹೀಗೆ ಹಂಚಿಯೇ ನೋಡುವುದು. ಈ ಉಪಾಯ ಹುಟ್ಟಿದ್ದೂ ಹೊಲದಲ್ಲೇ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಅದನ್ನು ರೂಪಿಸಿದರು. ಆಸ್ಪತ್ರೆಯಲ್ಲಿ ಅದಕ್ಕೆ ಹೆಸರು ಬಂದದ್ದು ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಕೊಟ್ಟು ನೋಡಿದ ಅಧ್ಯಯನದಿಂದ, 1948ರಲ್ಲಿ. ಡಾಕ್ಟರ ಕೈಗೆ ಆಯ್ಕೆ ಬಿಟ್ಟರೆ ಅವರಿಗೆ ಗೊತ್ತಿಲ್ಲದೆಯೇ ಸ್ವಲ್ಪ ಗಟ್ಟಿಯಾಗಿರುವ ರೋಗಿಗೆ ಹೊಸ ಮದ್ದು ಹೋಗುತ್ತದೆ, ಅಥವಾ ತೀರಾ ಕೈಬಿಟ್ಟವರಿಗೆ ಹೋಗುತ್ತದೆ. ಎರಡರಲ್ಲೂ ಲೆಕ್ಕ ಕೆಡುತ್ತದೆ.

ನಮ್ಮ ದೇಶದ ಎರಡು ಉದಾಹರಣೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ.

ಕೊರೊನಾ ಕಾಲದಲ್ಲಿ "ಪ್ಲಾಸ್ಮಾ ಬೇಕು, ಅರ್ಜೆಂಟ್" ಎಂಬ ವಾಟ್ಸಾಪ್ ಮೆಸೇಜುಗಳು ನಿಮಗೆ ನೆನಪಿರಬಹುದು. ಮಗ ಹಾಸಿಗೆಯ ಹತ್ತಿರ ಇರುವುದನ್ನು ಬಿಟ್ಟು ಕೊರೊನಾ ಬಂದು ಗುಣವಾದ ದಾನಿಯ ರಕ್ತದ ಪ್ಲಾಸ್ಮಾ ಹುಡುಕಿಕೊಂಡು ಊರೂರು ಅಲೆದ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಸೇರಿಸಿ ಚೀಟಿ ಎತ್ತಿ ನೋಡಿತು. ಪ್ಲಾಸ್ಮಾದಿಂದ ಸಾವು ಕಡಿಮೆ ಆಗಲಿಲ್ಲ, ರೋಗ ಬಿಗಡಾಯಿಸುವುದೂ ತಪ್ಪಲಿಲ್ಲ. 2020ರಲ್ಲೇ ಇದು ಪ್ರಕಟವಾಯಿತು. ಆದರೂ ಜನರ ಅಲೆದಾಟ ನಿಲ್ಲಲಿಲ್ಲ. 2021ರ ಮೇ ತಿಂಗಳಲ್ಲಿ ಅದನ್ನು ಸರಕಾರದ ಚಿಕಿತ್ಸಾ ಸೂಚಿಯಿಂದ ತೆಗೆದರು. ಅದಕ್ಕೂ ಮೊದಲೇ, 2020ರಲ್ಲೇ, ಬ್ರಿಟನ್ನಿನ ಅಧ್ಯಯನವೊಂದು ಡೆಕ್ಸಾಮೆಥಾಸೋನ್ ಎಂಬ ಹಳೆಯ, ಕೆಲವೇ ರೂಪಾಯಿಯ ಮದ್ದಿನ ಗುಣ ತೋರಿಸಿತ್ತು. ವೆಂಟಿಲೇಟರಿನಲ್ಲಿದ್ದವರ ಸಾವು ಅದರಿಂದ ಶೇ. 41.4ರಿಂದ ಶೇ. 29.3ಕ್ಕೆ ಇಳಿಯಿತು. ಆಕ್ಸಿಜನ್ ಬೇಕಾಗದವರಿಗೆ ಅದರಿಂದ ಲಾಭ ಇಲ್ಲ ಎಂದೂ ಅದೇ ಅಧ್ಯಯನ ಹೇಳಿತು. ನನ್ನ ಕಣ್ಣ ಮುಂದೆ ಅದರಿಂದ ಉಳಿದವರು ಈಗಲೂ ಬಸ್ಸಿನಲ್ಲಿ ಸಿಕ್ಕಿ ನಗುತ್ತಾರೆ.

ಇನ್ನೊಂದು ಸ್ಕ್ರಬ್ ಟೈಫಸ್ ಎಂಬ ಜ್ವರದ್ದು. ಪೊದೆಯಲ್ಲಿರುವ ಸಣ್ಣ ಹುಳ ಕಚ್ಚಿ ಬರುತ್ತದೆ. ಇಲಿಜ್ವರದ ಹಾಗೆಯೇ ತಡ ಮಾಡಿದರೆ ಐಸಿಯುಗೆ ತಲುಪಿಸುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಕೊಡುತ್ತಿದ್ದರು, ಇಲ್ಲವೇ ಅಜಿತ್ರೋಮೈಸಿನ್. ಎರಡೂ ಹಳೆಯ ಮದ್ದು, ಯಾವ ಕಂಪನಿಗೂ ಅದರಲ್ಲಿ ದೊಡ್ಡ ಲಾಭ ಇಲ್ಲ. ವೆಲ್ಲೂರಿನ ಸಿಎಂಸಿಯವರು ಮುಂದೆ ನಿಂತು ನಮ್ಮ ದೇಶದ 7 ಆಸ್ಪತ್ರೆಗಳಲ್ಲಿ ಸುಮಾರು 800 ರೋಗಿಗಳನ್ನು ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಸಾವು, ವಾರವಾದರೂ ಬಿಡದ ತೊಂದರೆ, ಐದು ದಿನವಾದರೂ ಇಳಿಯದ ಜ್ವರ, ಇವುಗಳಲ್ಲಿ ಯಾವುದಾದರೂ ಆದವರು ಒಂದೊಂದೇ ಮದ್ದು ಪಡೆದವರಲ್ಲಿ ಶೇ. 47 ಮತ್ತು 48. ಎರಡನ್ನೂ ಒಟ್ಟಿಗೆ ಡ್ರಿಪ್‌ನಲ್ಲಿ ಕೊಟ್ಟವರಲ್ಲಿ ಶೇ. 33. ತೋಟ, ಗದ್ದೆಯಲ್ಲಿ ದುಡಿಯುವವರಿಗೆ ಬರುವ ರೋಗ ಇದು. ಬೇರೆ ದೇಶದವರು ನಮಗೋಸ್ಕರ ಇದನ್ನು ನೋಡಿ ಕೊಡುವುದಿಲ್ಲ. ನಮ್ಮ ಐಸಿಯುಗಳಲ್ಲಿ ನಾವೇ ನೋಡಬೇಕು.

ಮಧ್ಯದಲ್ಲಿ ಒಂದು ಮಾತು, ಓದುತ್ತಿರುವ ಎಲ್ಲರಿಗೂ. ಮಳೆಗಾಲದಲ್ಲಿ ಜ್ವರದ ಜೊತೆ ಕಾಲಿನ ಮೀನಖಂಡ ಹಿಡಿದ ಹಾಗೆ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ ಇದ್ದರೆ ಕಷಾಯ ಕುಡಿದು ಕಾಯಬೇಡಿ. ಮೊದಲ ದಿನವೇ ಡಾಕ್ಟರ ಹತ್ತಿರ ಹೋಗಿ, "ನಾನು ಕಣಿಯ ನೀರಿನಲ್ಲಿ ಕೆಲಸ ಮಾಡಿದ್ದೇನೆ" ಎಂದು ನೀವಾಗಿಯೇ ಹೇಳಿ. ಆ ಒಂದು ಮಾತು ಎಷ್ಟೋ ಪರೀಕ್ಷೆಗಿಂತ ಬೇಗ ದಾರಿ ತೋರಿಸುತ್ತದೆ. ಟೀಚರ್, ಇದನ್ನು ನಿಮ್ಮನ್ನು ದೂರಲು ಬರೆದದ್ದಲ್ಲ. ನಮ್ಮ ಮನೆಯಲ್ಲೂ ಜ್ವರಕ್ಕೆ ಮೊದಲು ಕಷಾಯವೇ.

ಈಗ ನಿಮ್ಮ ಕೊನೆಯ ಪ್ರಶ್ನೆ. ಬಾಯಿ ಬಿಡಲಾರದವರನ್ನು ಸೇರಿಸುವುದು ಸರಿಯೇ?

ಐಸಿಯುನಲ್ಲಿ ಹೆಚ್ಚಿನವರ ಗಂಟಲಲ್ಲಿ ಪೈಪ್ ಇರುತ್ತದೆ, ಮಂಪರು ಇರುತ್ತದೆ. ಮಾತಾಡುವವರನ್ನು ಮಾತ್ರ ಸೇರಿಸುತ್ತೇವೆ ಎಂದರೆ ತೀರಾ ಸೀರಿಯಸ್ ಆದವರಿಗೆ ಏನು ಒಳ್ಳೆಯದು ಎಂದು ಎಂದಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಹತ್ತಿರದವರೊಬ್ಬರು ಅವರ ಪರವಾಗಿ ಒಪ್ಪಿಗೆ ಕೊಡಲು ನಮ್ಮ ನಿಯಮಗಳಲ್ಲಿ ಅವಕಾಶ ಇದೆ. ಈ ನಿಯಮಗಳು ಸುಮ್ನೆ ಬಂದವಲ್ಲ. ಬಡವರನ್ನು, ಓದು ಬಾರದವರನ್ನು ಸರಿಯಾಗಿ ಕೇಳದೆ ಅಧ್ಯಯನಕ್ಕೆ ಸೇರಿಸಿದ ದೂರುಗಳು ನಮ್ಮ ದೇಶದಲ್ಲೂ ಬಂದಿದ್ದವು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಐಸಿಎಂಆರ್ 2017ರಲ್ಲಿ ಮಾರ್ಗಸೂಚಿ ಪರಿಷ್ಕರಿಸಿತು. 2019ರಲ್ಲಿ ಹೊಸ ಮದ್ದುಗಳ ಪರೀಕ್ಷೆಗೆ ಕೇಂದ್ರ ಸರಕಾರದ ನಿಯಮ ಬಂತು. ಆಸ್ಪತ್ರೆಯ ಎಥಿಕ್ಸ್ ಕಮಿಟಿ, ಅಂದರೆ ರೋಗಿಗಳ ಹಿತ ನೋಡುವ ಸಮಿತಿ, ಒಪ್ಪದೆ ಯಾವ ಅಧ್ಯಯನವೂ ಶುರುವಾಗುವಂತಿಲ್ಲ. ಆ ಕಮಿಟಿಯಲ್ಲಿ ಡಾಕ್ಟರುಗಳು ಮಾತ್ರ ಇದ್ದರೆ ಸಾಲದು. ಕಾನೂನು ಬಲ್ಲವರು, ವೈದ್ಯಕೀಯ ಗೊತ್ತಿಲ್ಲದ ಸಾಮಾನ್ಯರೊಬ್ಬರು ಕೂಡ ಇರಲೇಬೇಕು. ನಿಮ್ಮಂಥ ಟೀಚರುಗಳು ಆ ಕುರ್ಚಿಯಲ್ಲಿ ಕೂರುವುದನ್ನು ನೋಡಿದ್ದೇನೆ. ಅವರು ಕೇಳುವ ಪ್ರಶ್ನೆಗಳು ನಮಗೆ ಹೊಳೆಯುವುದೇ ಇಲ್ಲ.

ಪರವಾಗಿ ಸಹಿ ಹಾಕುವಾಗ "ನನಗೇನು ಅನಿಸುತ್ತದೆ" ಎನ್ನುವುದಕ್ಕಿಂತ "ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದರು" ಎಂದು ನೋಡಬೇಕು. ರೋಗಿಗೆ ಎಚ್ಚರ ಬಂದ ಮೇಲೆ ಅವರನ್ನೇ ಮತ್ತೆ ಕೇಳಬೇಕು. ಅವರು ಬೇಡ ಎಂದರೆ ಅಲ್ಲಿಗೇ ಬಿಡಬೇಕು. ಸಹಿ ಹಾಕಿದ ಮರುಗಳಿಗೆಯೇ ಮನಸ್ಸು ಬದಲಾದರೂ ಹೊರಗೆ ಬರಬಹುದು, ಕಾರಣ ಹೇಳಬೇಕಾಗಿಲ್ಲ. ಅದರಿಂದ ಚಿಕಿತ್ಸೆ ಕಡಿಮೆ ಮಾಡುವಂತಿಲ್ಲ.

ಟ್ರೇನಿಂಗ್‌ನಲ್ಲಿದ್ದಾಗ ನಾನೂ ಒಂದು ರಾತ್ರಿ ಎರಡು ಗಂಟೆಗೆ ಇಂಥದ್ದೇ ಕಾಗದ ಹಿಡಿದು ಐಸಿಯು ಹೊರಗೆ ಹೋಗಿದ್ದೆ. ಬೈಸ್ಟ್ಯಾಂಡರ್ ಆಗಿ ಚಾಪೆ ಹಾಸಿ ಮಲಗಿದ್ದ ಹೆಂಗಸೊಬ್ಬರು ಎದ್ದು ಕೂತರು. ನಾನು ಐದು ನಿಮಿಷ ಏನೇನೋ ವಿವರಿಸಿದೆ. ಅವರು ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಮಗಾ, ಒಳಗೆ ಇರುವುದು ನಿನ್ನ ಅಪ್ಪ ಆಗಿದ್ದರೆ ನೀನು ಹಾಕುತ್ತಿದ್ದೆಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಅಧ್ಯಯನವನ್ನು ನಾನೇ ಸರಿಯಾಗಿ ಓದಿರಲಿಲ್ಲ. ಕಾಗದ ಮಡಚಿ ಒಳಗೆ ಹೋದೆ. ಬೆಳಿಗ್ಗೆವರೆಗೆ ಓದಿದೆ. ಬೆಳಿಗ್ಗೆ ಅವರ ಹತ್ತಿರ ಹೋಗಿ, "ಹೌದಮ್ಮ, ಹಾಕುತ್ತಿದ್ದೆ, ಯಾಕೆಂದರೆ..." ಎಂದು ತುಳುವಿನಲ್ಲೇ ಹೇಳಿದೆ. ಅವರು ಹೆಬ್ಬೆಟ್ಟು ಒತ್ತಿದರು. ಇವತ್ತಿಗೂ ನಮ್ಮ ಜೂನಿಯರುಗಳಿಗೆ ನಾನು ಇದನ್ನೇ ಹೇಳಿಕೊಡುವುದು. ಆ ಪ್ರಶ್ನೆಗೆ ಉತ್ತರ ಇಲ್ಲದೆ ಕಾಗದ ಹಿಡಿದು ಹೊರಗೆ ಹೋಗಬೇಡಿ.

ಮುಂದೆ ಯಾರಾದರೂ ನಿಮ್ಮ ಅಥವಾ ನೆರೆಮನೆಯವರ ಮುಂದೆ ಇಂಥ ಕಾಗದ ತಂದರೆ ಇದನ್ನೇ ಮೊದಲು ಕೇಳಿ. ಆಮೇಲೆ, ಸೇರದೆ ಇದ್ದರೆ ಯಾವ ಚಿಕಿತ್ಸೆ ಸಿಗುತ್ತದೆ ಎಂದು ಕೇಳಿ. ಎರಡಕ್ಕೂ ಇರುವ ವ್ಯತ್ಯಾಸ ಅಲ್ಲಿ ಗೊತ್ತಾಗುತ್ತದೆ. ಎರಡು ಹಳೆಯ ಡ್ರಿಪ್ ಹೋಲಿಸುವುದು ಬೇರೆ, ಯಾರಿಗೂ ಕೊಟ್ಟಿರದ ಹೊಸ ಮದ್ದು ಬೇರೆ. ಹೊಸ ಮದ್ದಾದರೆ ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳಿ, ಖರ್ಚು ಯಾವ ಕಂಪನಿಯದು ಎಂದೂ ಕೇಳಿ. ಅಧ್ಯಯನಕ್ಕೆಂದು ಮಾಡುವ ಹೆಚ್ಚುವರಿ ಪರೀಕ್ಷೆಗೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಹೊಸ ಮದ್ದಿನ ಪರೀಕ್ಷೆಯಲ್ಲಿ ಅದರಿಂದಲೇ ಹಾನಿ ಆದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಕೊಡಬೇಕು. ಆದರೆ ಐಸಿಯುನ ಮಾಮೂಲಿ ಬಿಲ್ಲು ಸಹಿಯಿಂದ ಇಳಿಯುವುದಿಲ್ಲ. ಆ ಆಸೆಯಿಂದ ಯಾರೂ ಸಹಿ ಹಾಕಬಾರದು. ಕಾಗದದಲ್ಲಿ ಸಿಟಿಆರ್‌ಐ ಎಂದು ಶುರುವಾಗುವ ಒಂದು ನಂಬರ್ ಇದೆಯೇ ನೋಡಿ. ನಮ್ಮ ದೇಶದ ಅಧ್ಯಯನಗಳನ್ನು ನೋಂದಾಯಿಸುವ ಸರಕಾರಿ ಪಟ್ಟಿ ಅದು. ಮೊಬೈಲಿನಲ್ಲೇ ಹುಡುಕಿದರೆ ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ ಎಂದು ಯಾರು ಬೇಕಾದರೂ ಓದಬಹುದು.

ನಾನು ನಿಮ್ಮ ಜಾಗದಲ್ಲಿದ್ದರೆ? ಕನ್ನಡದ ಕಾಗದ ಕೈಗೆ ಕೊಟ್ಟು, ಕೂತು ಮಾತಾಡಿದ್ದರೆ, ಈ ಡ್ರಿಪ್‌ನ ಅಧ್ಯಯನಕ್ಕೆ ನಾನು ಸಹಿ ಹಾಕುತ್ತಿದ್ದೆ. ಅಪ್ಪನಿಗೆ ಅದರಿಂದ ಲಾಭ ಆಗುತ್ತದೆ ಎಂದಲ್ಲ. ಮುಂದಿನ ಆಟಿಯಲ್ಲಿ ಬರುವ ಇನ್ನೊಬ್ಬರ ಅಪ್ಪನಿಗೆ ಏನು ಹಾಕಬೇಕು ಎಂದು ಗೊತ್ತಾಗಲಿ ಎಂದು. ಆದರೆ ಓದಲಾಗದ ಕಾಗದಕ್ಕೆ ನಾನೂ ಸಹಿ ಹಾಕುತ್ತಿರಲಿಲ್ಲ. ನೀವು ಮಾಡಿದ್ದು ಸರಿ.

ಕನ್ನಡದಲ್ಲಿ ಕೊಡಿ ಎಂದು ನೀವು ಕೇಳಬೇಕಿತ್ತೇ ಎಂದು ಕೊರಗಬೇಡಿ. ಅದು ಅವರು ಮಾಡಬೇಕಾದ ಕೆಲಸ. ಒಪ್ಪಿಗೆಯ ಕಾಗದ ಸಹಿ ಹಾಕುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂಬುದು ನಿಯಮ. ಆಧಾರ್ ಕಾರ್ಡಿನಲ್ಲಿ ಕೇರಳ ಎಂದು ಇದ್ದ ಮಾತ್ರಕ್ಕೆ ಓದುವ ಭಾಷೆ ಮಲಯಾಳಂ ಆಗುವುದಿಲ್ಲ ಎಂದು ರಾಜ್ಯಗಳ ಗಡಿಯಾದ ತಲಪಾಡಿಯ ಆಚೆ ಇರುವವರಿಗೆ ಎಷ್ಟೋ ಸಲ ಹೊಳೆಯುವುದಿಲ್ಲ. ನಮ್ಮಲ್ಲಿ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಇರುತ್ತದೆ, ಓದುವುದು ಕನ್ನಡ, ಪೇಟೆಯಲ್ಲಿ ಮಾತಾಡುವುದು ಮಲಯಾಳಂ. ವಿಳಾಸ ನೋಡಿ ಭಾಷೆ ತೀರ್ಮಾನಿಸದೆ, ಯಾವುದು ಓದುತ್ತೀರಿ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆ ಕಾಗದ ಇನ್ನೂ ನಿಮ್ಮ ಹತ್ತಿರ ಇದ್ದರೆ ತೆಗೆದು ನೋಡಿ. ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಎಥಿಕ್ಸ್ ಕಮಿಟಿಯ ವಿಳಾಸ ಮತ್ತು ಫೋನ್ ನಂಬರ್ ಇರುತ್ತದೆ. ಅವರಿಗೆ ಒಂದು ಪತ್ರ ಬರೆಯಿರಿ. ಆಗಿದ್ದನ್ನು ಆಗಿದ್ದ ಹಾಗೆ ಬರೆದರೆ ಸಾಕು. ಕನ್ನಡದಲ್ಲೇ ಬರೆಯಿರಿ. ಕಾಸರಗೋಡಿನಿಂದ ಬರುವವರಿಗೆ ಕನ್ನಡದ ಕಾಗದವನ್ನೂ ಇಡಬೇಕು ಎಂದು ಕೇಳಿ. ಬೇಕಿದ್ದರೆ ನನಗೆ ಮೊದಲು ಕಳುಹಿಸಿ, ನೋಡಿ ಕೊಡುತ್ತೇನೆ.